ವಾರಾನ್ನದಿಂದ ವಸತಿವೇತನದವರೆಗೆ

ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಒಂದು ಕಂಬದ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಕ್ರಿ.ಶ. 945ರಲ್ಲಿ, ಆತನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದ ಸಂಗತಿ ಅದರಲ್ಲಿ ಉಕ್ತವಾಗಿದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಇಪ್ಪತ್ತೇಳು ಮನೆಗಳು, ಉಪಾಧ್ಯಾಯನ ಜೀವನಕ್ಕೆ ಭೂಮಿ, ರಾತ್ರಿಯ ದೀಪಕ್ಕೆ ಪ್ರತ್ಯೇಕವಾಗಿ ಬಿಟ್ಟ ಭೂಮಿ ಇವೆಲ್ಲ ಆ ದತ್ತಿಯಲ್ಲಿ ಸೇರಿದ್ದವು. ಅಷ್ಟಕ್ಕೇ ನಿಲ್ಲದೆ, ಊರಿನ ಬ್ರಾಹ್ಮಣರು ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆಯಂತೆ ನಾಣ್ಯಗಳನ್ನು ಶಾಲೆಗೆ ಸಲ್ಲಿಸಬೇಕೆಂದೂ, ಔತಣಗಳು ನಡೆದಾಗ ವಿದ್ಯಾರ್ಥಿಗಳಿಗೆ ಶಕ್ತ್ಯನುಸಾರ ಊಟವಿಕ್ಕಬೇಕೆಂದೂ ಕಟ್ಟಳೆಯಾಯಿತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನವಂತೂ ಲೆಕ್ಕವನ್ನೇ ಬರೆದಿಟ್ಟಿದೆ: ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ, ಅವರಿಗೆ ಆರು ಜನ ಉಪಾಧ್ಯಾಯರು, ಪುಸ್ತಕಗಳನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಾಂಡಾರಿಗರು.

ಈ ಕಟ್ಟಳೆಗಳನ್ನು ಭಕ್ತಿಯಿಂದ ಕೊಂಡಾಡುವುದಕ್ಕಿಂತ ಲೆಕ್ಕಿಗನ ಕಣ್ಣಿನಿಂದ ನೋಡಿದರೆ ಅವುಗಳ ಜಾಣ್ಮೆ ಹೆಚ್ಚು ಸ್ಪಷ್ಟವಾಗುತ್ತದೆ. ಸಾಲೋಟಗಿಯ ದಾನಿಯು ಒಂದು ಗಂಟು ಹಣವನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ವರ್ಷವರ್ಷವೂ ಬರುವ ಆದಾಯವನ್ನು ಹೊಂದಿಸಿಕೊಟ್ಟನು. ಒಂದೊಂದು ವೆಚ್ಚಕ್ಕೂ ಅದರದೇ ಆದ ಮೂಲವನ್ನು ಗೊತ್ತುಮಾಡಿದನು. ದೀಪಕ್ಕೆಂದು ಬಿಟ್ಟ ಭೂಮಿಯ ಹುಟ್ಟುವಳಿ ದೀಪಕ್ಕೇ ಸಲ್ಲಬೇಕು. ಊರಿನಲ್ಲಿ ಮದುವೆ ಮುಂಜಿಗಳು ನಡೆಯುತ್ತಿರುವ ತನಕ ಶಾಲೆಯ ಉಗ್ರಾಣವೂ ಬರಿದಾಗದು. ವಿದ್ಯಾರ್ಥಿಯೆಂದರೆ ಕೇವಲ ಓದುವವನಲ್ಲ, ಉಣ್ಣುವವನು, ಮಲಗುವವನು, ರಾತ್ರಿ ದೀಪ ಬೇಕಾದವನು ಎಂಬ ತಿಳಿವಳಿಕೆ ಆ ಕಲ್ಲಿನ ಬರಹದ ಹಿಂದೆ ಇದೆ. ಆದರೆ ಅದರ ಮಿತಿಯನ್ನೂ ಒಡನೆಯೇ ಹೇಳಬೇಕಾಗುತ್ತದೆ. ಆ ಇಪ್ಪತ್ತೇಳು ಮನೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಊರಿಗೆ ಅನ್ನ ಬೆಳೆದುಕೊಡುವವನ ಮಗನಿಗೆ ಆ ಅನ್ನದ ಪಂಕ್ತಿಯಲ್ಲಿ ಎಡೆಯಿರಲಿಲ್ಲ. ಸಹಾಯವು ನಿಶ್ಚಿತವಾಗಿತ್ತು, ಅದರ ವರ್ತುಲ ಮಾತ್ರ ಕಿರಿದಾಗಿತ್ತು. ಮುಂದಿನ ಸಾವಿರ ವರ್ಷಗಳ ಕಥೆಯು ಆ ವರ್ತುಲವು ಹಿಗ್ಗಿದ ಕಥೆ. ಹಿಗ್ಗುತ್ತ ಹೋದಂತೆ ಹಳೆಯ ನಿಶ್ಚಿತತೆಯು ಹೇಗೆ ಸಡಿಲವಾಯಿತೆಂಬುದೂ ಅದೇ ಕಥೆಯ ಇನ್ನೊಂದು ಮುಖ.

ಇಂಗ್ಲಿಷ್ ವಿದ್ಯಾಭ್ಯಾಸವು ಬಂದಾಗ ಕಲಿಕೆಯ ಕೇಂದ್ರಗಳು ಅಗ್ರಹಾರಗಳನ್ನು ಬಿಟ್ಟು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳನ್ನು ಸೇರಿದವು. ಹಳ್ಳಿಯ ಹುಡುಗ ನಗರಕ್ಕೆ ಹೋಗಬೇಕಾಯಿತು. ಅವನ ಹಿಂದೆ ದತ್ತಿಯ ಭೂಮಿ ಹೋಗಲಿಲ್ಲ. ಆಗ ಬಳಕೆಗೆ ಬಂದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಒಂದು ವಾರವನ್ನು ತುಂಬಿಸುವ ಏರ್ಪಾಡು ಅದು. ಮನೆಯಾಕೆಯ ಕರುಣೆಯೇ ಅದರ ಮೂಲಧನ. ಒಂದು ಮನೆಯಲ್ಲಿ ಸೂತಕವಾದರೆ ಆ ದಿನ ಉಪವಾಸ. ಒಂದು ಮನೆಯವರಿಗೆ ವರ್ಗವಾದರೆ ವಾರದ ಒಂದು ದಿನ ಬರಿದು. ಹೀಗೆ ಉಂಡು ಓದಿದವರು ಅನೇಕರು ಮುಂದೆ ನ್ಯಾಯಾಧೀಶರೂ ಪ್ರಾಧ್ಯಾಪಕರೂ ಆದರು. ಉಣ್ಣಿಸಿದವರ ಹೆಸರನ್ನು ಕೃತಜ್ಞತೆಯಿಂದ ನೆನೆದರು. ಬಾಗಿಲಲ್ಲಿ ಕಾದುನಿಂತ ಸಂಕೋಚವನ್ನೂ ಮರೆಯಲಿಲ್ಲ. ವಾರಾನ್ನದ ಮನೆಗಳು ಸಹ ಸ್ವಜಾತಿಯ ಹುಡುಗರಿಗೆ ಮಾತ್ರ ತೆರೆಯುತ್ತಿದ್ದವು.

ಸರ್ಕಾರದ ಸಹಾಯವು ಒಬ್ಬ ಬಡ ವಿದ್ಯಾರ್ಥಿಯಿಂದ ಏನನ್ನು ಮಾಡಿಸಬಲ್ಲುದು ಎಂಬುದಕ್ಕೆ ಕನ್ನಡಿಗರೆಲ್ಲರೂ ಬಲ್ಲ ನಿದರ್ಶನ ವಿಶ್ವೇಶ್ವರಯ್ಯನವರದು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ತಮ್ಮ ಓದಿನ ವೆಚ್ಚವನ್ನು ನಿರ್ವಹಿಸಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಅವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಒಂದು ಸಣ್ಣ ವೇತನವು ರಾಜ್ಯಕ್ಕೆ ತಂದುಕೊಟ್ಟ ಬಡ್ಡಿ ಇದೆಂದರೆ ಅತಿಶಯೋಕ್ತಿಯಾಗದು. ಆದರೆ ಇಂತಹ ವೇತನಗಳು ಬೆರಳೆಣಿಕೆಯವು. ಪ್ರತಿಭೆಯನ್ನು ಗುರುತಿಸಿ ಕೊಟ್ಟವು. ಪ್ರತಿಭೆ ಬೆಳಕಿಗೆ ಬರುವುದಕ್ಕೆ ಮೊದಲೇ ಶಾಲೆಯನ್ನು ಬಿಟ್ಟವನಿಗೆ ಅವು ಒದಗಲಿಲ್ಲ.

ಆ ಕೊರತೆಯನ್ನು ತುಂಬಲು ಮುಂದೆ ಬಂದವು ಸಮುದಾಯಗಳ ಸಂಘಗಳು. ಧಾರವಾಡದಲ್ಲಿ 1883ರಲ್ಲಿ ಅರಟಾಳ ರುದ್ರಗೌಡರ ಮುಂದಾಳುತನದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ಸಹಾಯಕ್ಕಾಗಿ ಒಂದು ನಿಧಿ ಹುಟ್ಟಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. ಮೈಸೂರು ಸಂಸ್ಥಾನದಲ್ಲಿ 1906ರಲ್ಲಿ ಒಕ್ಕಲಿಗರ ಸಂಘವೂ, ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯೂ ಪ್ರಾರಂಭವಾದವು. ಈ ಸಂಘಗಳು ಮೊದಲು ಮಾಡಿದ ಕೆಲಸಗಳಲ್ಲಿ ವಿದ್ಯಾರ್ಥಿನಿಲಯಗಳ ಸ್ಥಾಪನೆ ಮುಖ್ಯವಾದುದು. ವಾರಾನ್ನದ ಏಳು ಬಾಗಿಲುಗಳ ಬದಲಿಗೆ ಒಂದೇ ಅಡುಗೆಮನೆ ಬಂದಿತು. ಹುಡುಗನು ಯಾರ ಮುಖವನ್ನೂ ನೋಡಿ ಊಟಕ್ಕೆ ಕೂಡಬೇಕಾಗಲಿಲ್ಲ. ಗಂಟೆ ಹೊಡೆದಾಗ ಎಲ್ಲರೊಡನೆ ಕುಳಿತನು. ಕರುಣೆಯು ವ್ಯವಸ್ಥೆಯಾಗಿ ಮಾರ್ಪಟ್ಟದ್ದು ಇಲ್ಲಿ.

ಈ ಸಂಘಗಳಿಗೂ ತಲುಪದವರು ಉಳಿದಿದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರ ಸಂಸ್ಥೆಯನ್ನು ಸ್ಥಾಪಿಸಿ, ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಪಾಠದ ಜೊತೆಗೆ ಊಟವನ್ನೂ ವಸತಿಯನ್ನೂ ಏರ್ಪಡಿಸಿದರು. ಹಸಿದ ಮಗುವಿಗೆ ಅಕ್ಷರ ಹತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ತಮ್ಮ ಸಮಾಜದ ಬಹಿಷ್ಕಾರವನ್ನು ಸಹಿಸಿಯೂ ಅವರು ಈ ಕಾರ್ಯವನ್ನು ಬಿಡಲಿಲ್ಲ. ಇತ್ತ ಮೈಸೂರಿನಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಸರ್ಕಾರಿ ಹುದ್ದೆಗಳ ವಿಷಯಕ್ಕಾಗಿ ಪ್ರಸಿದ್ಧವಾದರೂ, ಹಿಂದುಳಿದ ಸಮುದಾಯಗಳಿಗೆ ಉನ್ನತ ಶಿಕ್ಷಣದಲ್ಲಿ ಕೊಡಬೇಕಾದ ವಿಶೇಷ ಸೌಕರ್ಯಗಳ ಪ್ರಶ್ನೆಯೂ ಅದರ ವಿಚಾರಣೆಯ ವ್ಯಾಪ್ತಿಗೆ ಸೇರಿತ್ತು. ಬಡ ವಿದ್ಯಾರ್ಥಿಯ ಪ್ರಶ್ನೆ ದಾನಿಯ ಮನೆಯಿಂದ ಸರ್ಕಾರದ ಕಚೇರಿಗೆ ಬಂದುದಕ್ಕೆ ಇದೊಂದು ಗುರುತು.

ಮೈಸೂರಿನ ಈ ಪ್ರಯೋಗಗಳಿಗೂ ಪೂರ್ವಸಮುದ್ರದ ದಡದ ವಿಶಾಖಪಟ್ಟಣಕ್ಕೂ ಒಂದು ನಂಟು ಇದೆ. ಆಂಧ್ರ ವಿಶ್ವವಿದ್ಯಾನಿಲಯವು 1926ರಲ್ಲಿ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಪ್ರಾರಂಭವಾಗಿ 1930ರಲ್ಲಿ ವಾಲ್ಟೇರಿಗೆ ಬಂದಿತು. ಅದರ ಮೊದಲ ಉಪಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಚಿತ್ತೂರಿನ ಬಳಿಯ ಹಳ್ಳಿಯವರು. ಸರ್ಕಾರದ ವಿದ್ಯಾರ್ಥಿವೇತನದಿಂದಲೇ ಕೇಂಬ್ರಿಜ್ಜಿಗೆ ಹೋಗಿ ಓದಿದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿ, ವಿಶ್ವವಿದ್ಯಾನಿಲಯದ ಸ್ಥಾಪನೆಯ ಸಿದ್ಧತೆಗಳಲ್ಲಿ ಭಾಗಿಯಾಗಿ, ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿ ಅವರು ಅಲ್ಲಿ ಸೇವೆ ಸಲ್ಲಿಸಿದ್ದರು. ಅವರ ಬಳಿಕ 1931ರಿಂದ 1936ರವರೆಗೆ ವಾಲ್ಟೇರಿನಲ್ಲಿ ಉಪಕುಲಪತಿಗಳಾಗಿದ್ದ ರಾಧಾಕೃಷ್ಣನ್ನರೂ 1918ರಿಂದ 1921ರವರೆಗೆ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದವರೇ. ವಿದ್ಯಾರ್ಥಿವೇತನಗಳ ಆಧಾರದಿಂದ ಓದಿ, ಬಂಧುವೊಬ್ಬನು ಕೊಟ್ಟ ಹಳೆಯ ಪುಸ್ತಕಗಳ ಕಾರಣದಿಂದ ತತ್ತ್ವಶಾಸ್ತ್ರವನ್ನು ಆರಿಸಿಕೊಂಡವರು. ವಾಲ್ಟೇರಿನ ವಿಶ್ವವಿದ್ಯಾನಿಲಯಕ್ಕೆ ಜಯಪುರದ ಮಹಾರಾಜ ವಿಕ್ರಮದೇವವರ್ಮನು ವರ್ಷಕ್ಕೆ ಒಂದು ಲಕ್ಷ ರೂಪಾಯಿಯಂತೆ ದಾನವನ್ನು ಗೊತ್ತುಮಾಡಿದನು. ಸಾಲೋಟಗಿಯ ನಾರಾಯಣನ ರೀತಿಯೇ ಇದು: ಒಮ್ಮೆ ಕೊಟ್ಟು ಮುಗಿಸುವುದಲ್ಲ, ವರ್ಷವರ್ಷವೂ ಸಲ್ಲಿಸುವುದು. ಆದರೆ ಜಮೀನ್ದಾರಿ ಪದ್ಧತಿಯೇ ರದ್ದಾದ ಮೇಲೆ ಇಂತಹ ದಾನಗಳ ಬೇರು ಅಲುಗಿತು. ಭೂಮಿಯ ಹುಟ್ಟುವಳಿಯಿದ್ದ ಸ್ಥಾನವನ್ನು ಸರ್ಕಾರದ ಆಯವ್ಯಯವು ಆಕ್ರಮಿಸಿತು.

ಈ ಪರಿವರ್ತನೆಯ ಅರ್ಥವನ್ನು ಅಂಬೇಡ್ಕರರ ಜೀವನವು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. 1913ರಲ್ಲಿ ಬರೋಡೆಯ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನವನ್ನು ಮೂರು ವರ್ಷಗಳಿಗೆ ಮಂಜೂರು ಮಾಡಿದ್ದರಿಂದ ಅವರು ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಲು ಸಾಧ್ಯವಾಯಿತು. ಓದು ಮುಗಿದ ಬಳಿಕ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಆ ಕರಾರಿನಂತೆ 1917ರಲ್ಲಿ ಬರೋಡೆಗೆ ಬಂದಾಗ ಅವರಿಗೆ ಆ ನಗರದಲ್ಲಿ ತಲೆಯೂರಲು ಒಂದು ಕೋಣೆ ದೊರೆಯಲಿಲ್ಲ. ಆಶ್ರಯ ಪಡೆದಿದ್ದ ಪಾರಸಿ ವಸತಿಗೃಹದಿಂದಲೂ ಹೊರಬೀಳಬೇಕಾಯಿತು. ವೇತನವನ್ನು ಕೊಡಲು ರಾಜನ ಒಂದು ಆಜ್ಞೆ ಸಾಕಾಯಿತು. ಸೂರನ್ನು ಕೊಡಲು ಆ ಆಜ್ಞೆಗೆ ಶಕ್ತಿಯಿರಲಿಲ್ಲ. ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ಅನಂತರದ ವಿದ್ಯಾರ್ಥಿವೇತನವು ಪ್ರಾರಂಭವಾಯಿತು. 1948ರಲ್ಲಿ ಪರಿಶಿಷ್ಟ ಪಂಗಡಗಳಿಗೂ ಅದು ವಿಸ್ತರಿಸಿತು. ಒಬ್ಬ ರಾಜನ ಔದಾರ್ಯದಿಂದ ಒಬ್ಬನಿಗೆ ದೊರೆತದ್ದು, ಆ ಒಬ್ಬನ ಯತ್ನದಿಂದ ಲಕ್ಷಾಂತರ ಮಂದಿಗೆ ಹಕ್ಕಾಗಿ ದೊರೆಯುವ ದಾರಿ ಹೀಗೆ ತೆರೆಯಿತು.

ಹಕ್ಕು ಎಂದೊಡನೆ ಅದರ ಅಳತೆಯ ಪ್ರಶ್ನೆ ಏಳುತ್ತದೆ. ಬಡವನಾರು? ವಾರಾನ್ನದ ಕಾಲದಲ್ಲಿ ಮನೆಯಾಕೆಯ ಕಣ್ಣೇ ಅಳತೆಗೋಲು. ಸರ್ಕಾರಕ್ಕೆ ಅಂತಹ ಕಣ್ಣಿಲ್ಲ, ಕಾಗದ ಬೇಕು. ಮೈಸೂರು ರಾಜ್ಯವು ಈ ವಿಷಯದಲ್ಲಿ ಮಾಡಿದ ಒಂದು ಯತ್ನ ಸ್ಮರಣೀಯವಾಗಿದೆ. ನಾಗನಗೌಡ ಸಮಿತಿಯ ವರದಿಯನ್ನು ಅನುಸರಿಸಿ ಹೊರಟ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ರದ್ದುಪಡಿಸಿ, ಜಾತಿಯೊಂದೇ ಹಿಂದುಳಿದಿರುವಿಕೆಯ ಏಕೈಕ ಮಾನದಂಡವಾಗಲಾರದೆಂದು ಹೇಳಿತು. ಅನಂತರ 1963ರ ಜುಲೈ ತಿಂಗಳಲ್ಲಿ ಸರ್ಕಾರವು ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶಕ್ಕೆ ಹೊಸ ಸೂತ್ರವನ್ನು ಹೊರಡಿಸಿತು: ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿಗೆ ಮೀರದಿರಬೇಕು, ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕೈಕಸುಬು ಅಥವಾ ಕೂಲಿ ಆಗಿರಬೇಕು. 1964ರ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಾಲಯವು ಈ ಸೂತ್ರವನ್ನು ಎತ್ತಿಹಿಡಿಯಿತು. ಸೂತ್ರವು ಸ್ಥಳಗಳ ಮೀಸಲಾತಿಗೆ ಸಂಬಂಧಿಸಿದ್ದಾದರೂ, ತಿಂಗಳಿಗೆ ನೂರು ರೂಪಾಯಿಯೆಂಬ ಒಂದು ಗೆರೆಯನ್ನು ಎಳೆದು ಬಡತನಕ್ಕೆ ಅಂಕಿಯ ರೂಪವನ್ನು ಕೊಟ್ಟದ್ದು ಗಮನಾರ್ಹ. ಆ ಗೆರೆಯ ದೌರ್ಬಲ್ಯವೂ ಅಂದೇ ತಿಳಿದಿತ್ತು. ಸಂಬಳಗಾರನ ಆದಾಯವು ಕಾಗದದಲ್ಲಿ ಕಾಣುತ್ತದೆ, ವ್ಯಾಪಾರಿಯದು ಕಾಣದು, ರೈತನದು ಮಳೆಯೊಡನೆ ಏರಿಳಿಯುತ್ತದೆ. ಜಾತಿಯನ್ನು ಪೂರ್ತಿ ಬಿಟ್ಟ ಸೂತ್ರವು ಜಾತಿಯಿಂದಲೇ ಬಂದ ಬಡತನವನ್ನು ಹಿಡಿಯಲಾರದೆಂಬ ವಾದವೂ ಬಲವಾಯಿತು. ದೇವರಾಜ ಅರಸರ ಕಾಲದಲ್ಲಿ, 1975ರಲ್ಲಿ, ಬಂದ ಹಾವನೂರು ಆಯೋಗದ ವರದಿಯು ಸಾಮಾಜಿಕ ಸ್ಥಿತಿಯನ್ನು ಮತ್ತೆ ಮುಂದಕ್ಕೆ ತಂದಿತು.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. ಅದು ಸಾಲದ ದಾರಿ. ಜಮಶೇಟಜಿ ಟಾಟಾ ಅವರು 1892ರಲ್ಲಿಯೇ ವಿದೇಶದಲ್ಲಿ ಓದುವವರಿಗೆ ಸಾಲರೂಪದ ವೇತನವನ್ನು ಪ್ರಾರಂಭಿಸಿದ್ದರು; ಒಬ್ಬನು ಹಿಂದಿರುಗಿಸಿದ ಹಣ ಮತ್ತೊಬ್ಬನಿಗೆ ಸಲ್ಲುತ್ತಿತ್ತು. ಭಾರತ ಸರ್ಕಾರವು 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವನ್ನು ತಂದಿತು. 2001ರಲ್ಲಿ ಬ್ಯಾಂಕುಗಳ ಮಾದರಿ ಶಿಕ್ಷಣಸಾಲ ಯೋಜನೆ ಬಂದಾಗ ನಾಲ್ಕು ಲಕ್ಷ ರೂಪಾಯಿಯವರೆಗೆ ಆಧಾರವನ್ನು ಕೇಳಬಾರದೆಂದಾಯಿತು. 2015ರ ಖಾತರಿ ನಿಧಿಯು ಏಳೂವರೆ ಲಕ್ಷದವರೆಗಿನ ಸಾಲಗಳಿಗೆ ಬೆಂಬಲವಾಯಿತು. ಸಾಲವನ್ನು ತುಚ್ಛೀಕರಿಸುವುದು ಸರಿಯಲ್ಲ. ಅದರಲ್ಲಿ ಒಂದು ಸ್ವಾಭಿಮಾನವಿದೆ. ಆದರೆ ಸಾಲವು ಮುಂದಿನ ಸಂಬಳವನ್ನು ನೋಡಿ ಕೊಡತಕ್ಕದ್ದು. ಎಂಜಿನಿಯರಿಂಗ್ ಓದುವವನಿಗೆ ಅದು ಒಗ್ಗುತ್ತದೆ. ಇತಿಹಾಸದಲ್ಲಿಯೋ ಕನ್ನಡದಲ್ಲಿಯೋ ಬಿ.ಎ. ಮಾಡಲು ಬಂದ ಕೂಲಿಕಾರನ ಮಗಳಿಗೆ, ಮನೆಯಲ್ಲಿ ಈಗಾಗಲೇ ಸಾಲವಿರುವಾಗ, ಇನ್ನೊಂದು ಸಾಲವು ಸಹಾಯವೆನಿಸದು, ಹೆದರಿಕೆಯೆನಿಸುತ್ತದೆ. ಅಂತಹವಳಿಗೆ ಬೇಕಾದುದು ಹಾಸ್ಟೆಲಿನ ಗಂಟೆ. ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ಸಿದ್ಧಗಂಗೆಯ ಮಠದಲ್ಲಿ ಜಾತಿಭೇದವಿಲ್ಲದೆ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು ಉಂಡು ಓದುತ್ತಿದ್ದರು. ಸಾಲೋಟಗಿಯ ನಿಶ್ಚಿತತೆಯೂ ಹೊಸ ಕಾಲದ ವಿಶಾಲತೆಯೂ ಒಂದೆಡೆ ಕೂಡಬಲ್ಲವೆಂಬುದಕ್ಕೆ ಅದೊಂದು ಸಾಕ್ಷಿ.

ವಿಶಾಖಪಟ್ಟಣದ ಉತ್ತರದ ಅಂಚಿನ ಮಧುರವಾಡವು ಈ ದೀರ್ಘ ಕಥೆಯ ಇಂದಿನ ಅಧ್ಯಾಯವನ್ನು ಓದಲು ತಕ್ಕ ಸ್ಥಳ. ಒಂದು ಕಾಲದ ಹಳ್ಳಿಯು ಇಂದು ನಗರದ ಭಾಗ. ಸಮೀಪದ ಋಷಿಕೊಂಡದಲ್ಲಿ 1980ರಲ್ಲಿ ಗೀತಂ ಸಂಸ್ಥೆಯೂ, ಕೊಮ್ಮಾದಿಯಲ್ಲಿ 1996ರಲ್ಲಿ ಗಾಯತ್ರಿ ವಿದ್ಯಾಪರಿಷತ್ತಿನ ಎಂಜಿನಿಯರಿಂಗ್ ಕಾಲೇಜೂ ಪ್ರಾರಂಭವಾದವು. ಶ್ರೀಕಾಕುಳಂ, ವಿಜಯನಗರಂ ಕಡೆಯ ಹಳ್ಳಿಗಳಿಂದಲೂ ಗುಡ್ಡಗಾಡಿನಿಂದಲೂ ಬಂದ ವಿದ್ಯಾರ್ಥಿಗಳು ಇಲ್ಲಿನ ಬಾಡಿಗೆಯ ಕೋಣೆಗಳಲ್ಲಿಯೂ ಖಾಸಗಿ ಹಾಸ್ಟೆಲುಗಳಲ್ಲಿಯೂ ತುಂಬಿದ್ದಾರೆ. ಆಂಧ್ರಪ್ರದೇಶದ ಸರ್ಕಾರವು 2019ರ ಅನಂತರ ಎರಡು ಯೋಜನೆಗಳನ್ನು ಜೋಡಿಯಾಗಿ ತಂದಿತು. ಕಾಲೇಜಿನ ಶುಲ್ಕವನ್ನು ಭರಿಸುತ್ತಿದ್ದುದು ವಿದ್ಯಾ ದೀವೆನ. ಊಟ ವಸತಿಗಳಿಗೆ ಕೊಡುತ್ತಿದ್ದುದು ವಸತಿ ದೀವೆನ. ದೀವೆನವೆಂದರೆ ತೆಲುಗಿನಲ್ಲಿ ಹರಕೆ. 2020ರ ಫೆಬ್ರವರಿಯಲ್ಲಿ ವಿಜಯನಗರಂನಲ್ಲಿ ಪ್ರಾರಂಭವಾದ ಎರಡನೆಯ ಯೋಜನೆಯಲ್ಲಿ ಐ.ಟಿ.ಐ. ವಿದ್ಯಾರ್ಥಿಗೆ ವರ್ಷಕ್ಕೆ 10,000, ಪಾಲಿಟೆಕ್ನಿಕ್ ವಿದ್ಯಾರ್ಥಿಗೆ 15,000, ಪದವಿ ಮತ್ತು ಮೇಲಿನ ತರಗತಿಯವರಿಗೆ 20,000 ರೂಪಾಯಿ ಗೊತ್ತಾಯಿತು. ಕುಟುಂಬದ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದೊಳಗಿರಬೇಕಾಗಿತ್ತು. ತರಿ ಭೂಮಿ ಹತ್ತು ಎಕರೆಗೂ ಖುಷ್ಕಿ ಇಪ್ಪತ್ತೈದು ಎಕರೆಗೂ ಕಡಿಮೆಯಿರಬೇಕಾಗಿತ್ತು. 1963ರ ಮೈಸೂರಿನ ಗೆರೆಯೇ ಇಲ್ಲಿ ಹೊಸ ಅಂಕಿಗಳಲ್ಲಿ ಮರಳಿ ಬಂದಿದೆ. 2024ರಲ್ಲಿ ಸರ್ಕಾರವು ಬದಲಾದಾಗ ಆ ಹೆಸರುಗಳು ಬಳಕೆಯಿಂದ ಹಿಂದೆ ಸರಿದವು.

ಹೆಸರುಗಳ ವಿಚಾರ ಹಾಗಿರಲಿ. ಶುಲ್ಕವೊಂದು, ಜೀವನವೊಂದು ಎಂದು ಬೇರ್ಪಡಿಸಿ ಎರಡಕ್ಕೂ ಎಡೆಮಾಡಿದ್ದು ಸಾಲೋಟಗಿಯ ವಿವೇಕಕ್ಕೆ ಹತ್ತಿರವಾದ ಮಾತು. ಆದರೆ 20,000 ರೂಪಾಯಿಯನ್ನು ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು ಸಾವಿರ. ಕರ್ನಾಟಕದಲ್ಲಿ ಸರ್ಕಾರಿ ಹಾಸ್ಟೆಲು ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಬಂದ ವಿದ್ಯಾಸಿರಿಯ ಮೊತ್ತವು ಮೊದಲಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ ಗೊತ್ತಾಗಿತ್ತು. ನಗರದಲ್ಲಿ ಕೋಣೆಗೂ ಊಟಕ್ಕೂ ಇವು ಸಾಲವು. ಮೊತ್ತಕ್ಕಿಂತಲೂ ಮುಖ್ಯವಾದುದು ಕಾಲ. ಶುಲ್ಕದ ಗಡುವು ವರ್ಷದ ಮೊದಲಲ್ಲಿ. ವೇತನವು ಎಷ್ಟೋ ವೇಳೆ ವರ್ಷದ ಕೊನೆಯಲ್ಲಿ. ನಡುವಿನ ತಿಂಗಳುಗಳನ್ನು ವಿದ್ಯಾರ್ಥಿಯು ಕೈಸಾಲದಿಂದಲೋ ಅರೆಹೊಟ್ಟೆಯಿಂದಲೋ ಕಳೆಯುತ್ತಾನೆ. ಪರಿಶಿಷ್ಟ ಜಾತಿಗಳ ಮೆಟ್ರಿಕ್ ಅನಂತರದ ವೇತನದಲ್ಲಿ ಕೇಂದ್ರ ಮತ್ತು ರಾಜ್ಯಗಳ ಪಾಲಿನ ತೊಡಕನ್ನು ಬಿಡಿಸಲು 2020ರ ಡಿಸೆಂಬರಿನಲ್ಲಿ ಐದು ವರ್ಷಗಳಿಗೆ 59,048 ಕೋಟಿ ರೂಪಾಯಿಯ ವೆಚ್ಚವನ್ನು ಮಂಜೂರು ಮಾಡಿ, ಅದರ ನೂರಕ್ಕೆ ಅರುವತ್ತು ಭಾಗವನ್ನು ಕೇಂದ್ರವೇ ಹೊರುವುದೆಂದು ತೀರ್ಮಾನಿಸಬೇಕಾಯಿತು. ಮಂಜೂರಾದ ಹಣಕ್ಕೂ ತಲುಪಿದ ಹಣಕ್ಕೂ ನಡುವೆ ಎಷ್ಟು ಅಂತರವಿತ್ತೆಂಬುದನ್ನು ಈ ತೀರ್ಮಾನವೇ ಸೂಚಿಸುತ್ತದೆ. ದೀಪದ ಭೂಮಿಯ ಹುಟ್ಟುವಳಿ ದೀಪಕ್ಕೇ ಸಲ್ಲಬೇಕೆಂಬ ಹಳೆಯ ಕಟ್ಟಳೆಯ ಬೆಲೆ ತಿಳಿಯುವುದು ಇಂತಹ ಸ್ಥಳದಲ್ಲಿ.

ನಾಡಿನಿಂದ ದೂರವಿರುವ ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷವಾದ ಪಾಠವಿದೆ. ಮೆಟ್ರಿಕ್ ಅನಂತರದ ವೇತನವನ್ನು ಕೊಡತಕ್ಕದ್ದು ಕುಟುಂಬವು ನೆಲಸಿದ ರಾಜ್ಯ. ತಂದೆಯ ದಾಖಲೆ ಒಂದು ರಾಜ್ಯದಲ್ಲಿ, ಕೂಲಿ ಇನ್ನೊಂದು ರಾಜ್ಯದಲ್ಲಿ, ಮಗಳ ಕಾಲೇಜು ಮತ್ತೊಂದು ಊರಿನಲ್ಲಿ ಆದಾಗ, ಅವಳು ಎಲ್ಲಿಯೂ ಅರ್ಹಳಲ್ಲದಂತೆ ಆಗುವುದುಂಟು. ಮಡಕಶಿರಾ, ರಾಯದುರ್ಗ, ಆದವಾನಿ, ಆಲೂರುಗಳ ಕನ್ನಡ ಕುಟುಂಬಗಳಿಗೂ, ಕಟ್ಟಡದ ಕೆಲಸಕ್ಕೆಂದು ಊರೂರು ತಿರುಗುವವರಿಗೂ ಈ ತೊಡಕು ಅಪರಿಚಿತವಲ್ಲ. ಸರ್ಕಾರದ ಕೈ ತಲುಪದ ಈ ಸಂದಿನಲ್ಲಿಯೇ ಸಂಘಗಳ ಕೆಲಸ ಇದೆ.

ಹೊರನಾಡಿನ ಸಂಘಗಳು ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರವನ್ನು ಏರ್ಪಡಿಸಿ, ಹೆಚ್ಚು ಅಂಕ ಪಡೆದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು ವಾಡಿಕೆ. ಅದು ಬೇಡವೆನ್ನಲಾಗದು. ಆದರೆ ಅಂಕ ಪಡೆದವನಿಗೆ ಲಕೋಟೆಯಿಂದ ಆಗುವ ಲಾಭಕ್ಕಿಂತ, ಅಂಕ ಪಡೆಯುವ ಮುನ್ನವೇ ಕಾಲೇಜು ಬಿಡಲಿರುವವನಿಗೆ ಜೂನ್ ತಿಂಗಳಿನಲ್ಲಿ ಸಿಕ್ಕುವ ಮೂರು ತಿಂಗಳ ಊಟದ ಹಣವು ದೊಡ್ಡದು. ಅದನ್ನು ವೇದಿಕೆಯ ಮೇಲೆ ಕೊಡಬಾರದು. ವಾರಾನ್ನದ ಬಾಗಿಲಲ್ಲಿ ನಿಂತ ಸಂಕೋಚವನ್ನು ಒಂದು ತಲೆಮಾರು ಅನುಭವಿಸಿದ್ದು ಸಾಕು. ಜಾತಿಯ ಹೆಸರನ್ನು ಕೇಳಿ ಮುಚ್ಚುವ ಬಾಗಿಲೂ ಬೇಡ. ಹಣದ ಮೂಲವನ್ನು ಒಬ್ಬ ದಾನಿಯ ಉತ್ಸಾಹಕ್ಕೆ ಬಿಡದೆ, ಸದಸ್ಯರ ಮನೆಗಳ ಶುಭಕಾರ್ಯಗಳಿಗೆ ಕಟ್ಟಿದರೆ ಅದು ಬತ್ತದು.

ಕ್ರಿ.ಶ. 945ರಲ್ಲಿ ಒಂದು ಊರಿನವರು ಮದುವೆಗೆ ಐದು, ಉಪನಯನಕ್ಕೆ ಎರಡೂವರೆ ಎಂದು ತಮ್ಮ ಮೇಲೆ ತಾವೇ ಹೊರಿಸಿಕೊಂಡ ಕಟ್ಟಳೆಯು ಇಂದಿನ ಯಾವ ಸಂಘಕ್ಕೂ ಭಾರವಾಗಲಾರದು. ಅಂದು ಆ ಹಣವು ಕೆಲವರ ಮಕ್ಕಳಿಗೆ ಮಾತ್ರ ಸಂದಿತು. ಅದು ಎಲ್ಲರ ಮಕ್ಕಳಿಗೂ, ಬೇಕಾದ ತಿಂಗಳಿನಲ್ಲಿಯೇ, ಸಲ್ಲುವಂತೆ ಮಾಡುವುದು ಈ ಕಾಲದವರ ಪಾಲಿಗೆ ಉಳಿದಿರುವ ಕೆಲಸ.